ಹಾಸಿಗೆಯ ಅಂಚು

ಊರಿಗೆಲ್ಲ ಹಾಸಿಗೆ ಹೊಲಿದುಕೊಡುವವನಿಗೆ ಮಲಗಲು ಹಾಸಿಗೆ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ವಿಚ್ಛೇದನವಾದ ಮೇಲೆ ಹತ್ತಿಯಣ್ಣ ಮಲಗುತ್ತಿದ್ದದ್ದು ತನ್ನ ಅಂಗಡಿಯ ನೆಲದ ಮೇಲೆ, ಖಾಲಿ ಗೋಣಿಚೀಲ ಹಾಸಿಕೊಂಡು. ತಲೆಗೂದಲು, ಹುಬ್ಬು, ಮೀಸೆ ಎಲ್ಲಕ್ಕೂ ಸದಾ ಹತ್ತಿಯ ಎಳೆ ಅಂಟಿರುತ್ತಿದ್ದುದರಿಂದ ಅವನಿಗೆ ಆ ಹೆಸರು. ಬೀದಿಯವರ ಪಾಲಿಗೆ ಬಲು ಒಳ್ಳೆಯ ಮನುಷ್ಯ, ಯಾರು ಕರೆದರೂ ಓಡುವವನು. ಆದರೆ ಕುಡಿದು ಮನೆಯ ಹೊಸಿಲು ದಾಟಿದನೆಂದರೆ ತಟ್ಟೆ ಲೋಟ ಹಾರುತ್ತಿದ್ದವು, ಕೂಗಾಟಕ್ಕೆ ಗೋಡೆಯೂ ನಡುಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತನ್ನು ಇವನನ್ನು ನೋಡಿಯೇ ಕಟ್ಟಿರಬೇಕು.

ಹೆಂಡತಿ ಕೊನೆಗೂ ಕೋರ್ಟಿಗೆ ಹೋಗಿ ಬಿಡುಗಡೆ ಪಡೆದಳು. ಮದುವೆಗೆಂದು ಅವನೇ ಕೈಯಾರೆ ಹೊಲಿದಿದ್ದ ಜೋಡಿ ಹಾಸಿಗೆಯನ್ನು ಸುತ್ತಿ, ಹಗ್ಗ ಬಿಗಿದು, ಗಾಡಿಯಲ್ಲಿ ಅಂಗಡಿಗೆ ಕಳಿಸಿದಳು. ಅವನು ಅದನ್ನು ಬಿಚ್ಚಲಿಲ್ಲ, ಮಾರಲೂ ಇಲ್ಲ. ಮೂಲೆಯಲ್ಲಿ ನಿಂತ ಆ ಸುರುಳಿಯನ್ನು ನೋಡುತ್ತ ಕೂತು, "ನಾನೇನು ಮಾಡಿದ್ದೆ? ಒಂದು ದಿನ ಕೈ ಎತ್ತಿದ್ದೀನಾ? ಒಂದು ಏಟು ಹೊಡೆದಿದ್ದೀನಾ?" ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತಿದ್ದ. ಹೊಡೆದಿರಲಿಲ್ಲ, ನಿಜ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಿಡಿದ ಹಟ ಬಿಡಲಿಲ್ಲ. ಬರಬರುತ್ತ ಕುಡಿತವೂ ರುಚಿಸದಾಯಿತು, ಊಟವೂ ಸೇರದಾಯಿತು. ಅಂಗಡಿಯ ಷಟರ್ ಅರ್ಧಕ್ಕಿಂತ ಮೇಲೇಳುವುದು ನಿಂತಿತು. ಬದುಕಿದ್ದು ಸಾಕು ಎನ್ನುವ ಯೋಚನೆ ಬಂದು ಅವನ ಪಕ್ಕದಲ್ಲೇ ಬೀಡುಬಿಟ್ಟಿತು.

ಅವನ ತಂಗಿ, ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳುವ ಚರ್ಚಿನ ಆಶ್ರಮದಲ್ಲಿ ಆಯಾ. ಒಂದು ಬೆಳಿಗ್ಗೆ ಷಟರಿನ ಕೆಳಗಿಂದ ಬಗ್ಗಿ ಒಳಗೆ ಬಂದವಳು ಅಣ್ಣನ ಮುಖ ನೋಡಿ ಹೆದರಿದಳು. ಆದರೂ ಬಾಯಿ ಮಾತ್ರ ಜೋರು ಮಾಡಿದಳು.

"ಅಲ್ಲಿ ಹಾಸಿಗೆಗಳು ಕಲ್ಲಾಗಿ ಮುದುಕರ ಬೆನ್ನು ಹುಣ್ಣಾಗ್ತಿದೆ. ನೀನಿಲ್ಲಿ ಸಾಯೋಕೆ ಮುಹೂರ್ತ ನೋಡ್ತಾ ಕೂತಿದ್ದೀಯಾ? ಏಳಣ್ಣ, ದಬ್ಬಣ ತಗೋ."

ಎದ್ದ. ತಂಗಿಯ ಜೊತೆ ವಾದಿಸುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಆಶ್ರಮದ ಉದ್ದನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚ ಟೀಚರಜ್ಜಿಯದು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ತಟ್ಟಿರಲಿಲ್ಲ. ನೆಲದ ಮೇಲೆ ಹತ್ತಿ ಹಿಂಜುತ್ತ ಕೂತವನನ್ನು ನೋಡಿ, "ಹಾಸಿಗೆಯೋನೇ, ನಿನಗೊಂದು ಹಾಸಿಗೆ ಕತೆ ಹೇಳ್ತೀನಿ ಕೇಳು" ಎಂದಳು. ನೀರು ಕಲಕಿದಾಗ ಮೊದಲು ಇಳಿದವರ ಕಾಯಿಲೆ ವಾಸಿಯಾಗುತ್ತದೆ ಎಂದು ಜನ ನಂಬಿದ್ದ ಒಂದು ಕೊಳದ ದಡದಲ್ಲಿ ವರ್ಷಾನುಗಟ್ಟಲೆ ಬಿದ್ದುಕೊಂಡಿದ್ದ ಒಬ್ಬ ರೋಗಿ. ಯೇಸು ಅವನ ಹತ್ತಿರ ಬಂದು, ವಾಸಿಯಾಗುವ ಮನಸ್ಸಿದೆಯಾ ಎಂದು ಕೇಳಿದನಂತೆ. ಆಮೇಲೆ, ಏಳು, ನಿನ್ನ ಹಾಸಿಗೆ ಹೊತ್ತುಕೊಂಡು ನಡೆ ಎಂದನಂತೆ.

ಹತ್ತಿಯಣ್ಣ ಬಹಳ ದಿನಗಳ ಮೇಲೆ ಬಾಯಿಬಿಟ್ಟ. "ಅಷ್ಟು ವರ್ಷದ ಹಾಸಿಗೇನಾ? ಗಂಟುಗಂಟಾಗಿ ನಾರ್ತಿರುತ್ತೆ ಅಜ್ಜಿ. ಅಲ್ಲೇ ಸುಟ್ಟುಹಾಕು ಅನ್ನಬೇಕಿತ್ತು."

ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. "ಅದನ್ನ ಬಿಡು. ವಾಸಿಯಾಗ್ತೀಯಾ ಅಂತ ಕೇಳಿದ್ರೆ, ಆ ಪುಣ್ಯಾತ್ಮ ಹೂಂ ಅನ್ನೋದು ಬಿಟ್ಟು, ನನ್ನನ್ನ ಎತ್ತಿ ನೀರಿಗೆ ಇಳಿಸೋರಿಲ್ಲ, ಬೇರೆಯವರು ಮುಂದೆ ನುಗ್ತಾರೆ ಅಂತ ದೂರು ಹೇಳಿದ. ನಿನ್ನನ್ನ ಕೇಳಿದ್ರೆ ಏನಂತೀಯಪ್ಪ?"

ಅವನಿಗೆ ಮೈಯೆಲ್ಲ ಉರಿಯಿತು. ತಂಗಿ ಇವಳ ಕಿವಿ ಊದಿದ್ದಾಳೆ ಎಂದುಕೊಂಡ. "ನನಗೆ ಯಾವ ರೋಗಾನೂ ಇಲ್ಲ" ಎಂದು ದಬ್ಬಣವನ್ನು ಹತ್ತಿಗೆ ಚುಚ್ಚಿ ಹೊರಟುಬಿಟ್ಟ.

ಆದರೆ ಆಯಾಗಳು ಮಗ್ಗುಲು ತಿರುಗಿಸುವಾಗ ಅಜ್ಜಿಯ ಬೆನ್ನಿನ ಹುಣ್ಣನ್ನು ಅವನು ಕಂಡಿದ್ದ. ಆ ಬೆನ್ನಿಗೆ ಬೂರುಗದ ಮೆತ್ತನೆಯ ಹತ್ತಿಯೇ ಬೇಕು. ಅಂಗಡಿಯಲ್ಲಿ ಅದು ಇದ್ದದ್ದು ಮೂಲೆಯ ಆ ಸುರುಳಿಯೊಳಗೆ ಮಾತ್ರ. ಕೆಲವು ದಿನ ಒದ್ದಾಡಿದ. ಕೊನೆಗೆ ಒಂದು ಮಧ್ಯಾಹ್ನ ಹಗ್ಗ ಕೊಯ್ದು ಹಾಸಿಗೆಯನ್ನು ನೆಲಕ್ಕೆ ಹರಡಿದ.

ಹಾಸಿಗೆ ನೋಡಿದರೆ ಅದರ ಮೇಲೆ ಯಾರು ಹೇಗೆ ಮಲಗಿದ್ದರು ಎಂದು ಅವನು ಹೇಳಬಲ್ಲ. ಮುದುರಿ ಮಲಗುವವರು, ಹೊರಳಾಡುವವರು, ಒಂದು ಸೊಂಟ ನೋಯುವವರು, ಎಲ್ಲರ ಗುರುತೂ ಹತ್ತಿಯಲ್ಲಿ ಉಳಿದಿರುತ್ತದೆ. ಅವನ ಕಡೆಯ ಕುಳಿ ಅಗಲವಾಗಿ, ಕೈಕಾಲು ಚಾಚಿದಂತೆ ಬಿದ್ದಿತ್ತು. ಅದರಾಚೆ ಹಾಸಿಗೆಯ ನಡುಭಾಗ ಹೊಸದರಂತೆ ಉಬ್ಬಿಕೊಂಡೇ ಇತ್ತು, ಅಲ್ಲಿ ಯಾರೂ ಮಲಗಿರಲೇ ಇಲ್ಲ. ಇನ್ನೊಂದು ತುದಿಯಲ್ಲಿ, ಅಂಚಿನ ಹೊಲಿಗೆಗೆ ಒತ್ತಿಕೊಂಡು, ಗೇಣಗಲದ ಒಂದು ಕುಳಿ. ಅದರ ಪಕ್ಕದಲ್ಲಿ ಕೈ ತಲುಪುವ ಜಾಗದಲ್ಲಿ ಗವಸಿನ ಬಟ್ಟೆ ಸವೆದು ಹೋಗಿತ್ತು. ಅವನಿಗೆ ಹೆದರಿ ಅಂಚಿಗೆ ಸರಿದ ಹೆಂಡತಿ, ಕೆಳಗೆ ಬೀಳದಂತೆ ಅದನ್ನು ಹಿಡಿದುಕೊಂಡೇ ಮಲಗುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಮದುವೆಯ ಅಷ್ಟೂ ವರ್ಷ.

ಒಂದು ಏಟೂ ಹೊಡೆದಿಲ್ಲ ಎಂದು ಎದೆ ತಟ್ಟಿಕೊಂಡಿದ್ದನಲ್ಲ! ಆ ಸವೆದ ಬಟ್ಟೆಯ ಮೇಲೆ ಮುಖವಿಟ್ಟು ಹತ್ತಿಯಣ್ಣ ಗೋಳೋ ಎಂದು ಅತ್ತ. ಬೀದಿಯವರು ಷಟರಿನ ಕೆಳಗೆ ಬಗ್ಗಿ ನೋಡಿದರೂ ಅಳು ನಿಲ್ಲಿಸಲಿಲ್ಲ. ಆಮೇಲೆ ಹಾಗೇ ಎದ್ದು ಆಶ್ರಮಕ್ಕೆ ಓಡಿದ.

"ಅಜ್ಜಿ, ರೋಗ ನನ್ನದೇ" ಎಂದ. ಕಂಡದ್ದನ್ನೆಲ್ಲ ಹೇಳಿದ.

ಅಜ್ಜಿ ಈ ಸಲ ನಗಲಿಲ್ಲ. "ಅವಳು ವಾಪಸ್ ಬರ್ತಾಳೆ ಅಂತ ನಾನು ಹೇಳಲ್ಲ ಮಗಾ. ಬಾ ಅಂತ ಕರೆಯೋಕೂ ಹೋಗಬೇಡ, ಅವಳು ನೆಮ್ಮದಿಯಾಗಿರಲಿ. ಆದ್ರೆ ನೀನು ಒಳ್ಳೆಯವನಾಗಲಿ, ಆಮೇಲೆ ನೋಡೋಣ ಅಂತ ಯೇಸು ಕಾಯ್ತಾ ಕೂರಲ್ಲ. ಬಿದ್ದಲ್ಲಿಗೇ ಬರ್ತಾನೆ."

"ನನಗೆ ಪ್ರಾರ್ಥನೆ ಬರಲ್ಲ."

"ನನಗೆ ಹೇಳಿದ್ದನ್ನೇ ಆತನಿಗೂ ಹೇಳು."

ಮಂಚದ ಪಕ್ಕ ಮಂಡಿಯೂರಿ ಹೇಳಿದ. ವಾಸಿಯಾಗಬೇಕು ಸ್ವಾಮಿ, ಎಂದ. ಆಕಾಶವೇನೂ ಬಿರಿಯಲಿಲ್ಲ. ಎದೆಯ ಮೇಲಿನ ಕಲ್ಲೂ ಪೂರ್ತಿ ಸರಿಯಲಿಲ್ಲ. ಆದರೆ ತನ್ನ ಮಾತನ್ನು ಯಾರೋ ಕೇಳಿಸಿಕೊಂಡರು ಎಂದು ಅವನಿಗೆ ಖಂಡಿತವಾಗಿ ಅನ್ನಿಸಿತು. ಮರುದಿನ ಷಟರನ್ನು ಪೂರ್ತಿ ಎತ್ತಿದ.

ಯಾರೂ ಮಲಗದ ಆ ನಡುಭಾಗದ ಹತ್ತಿಯನ್ನು ಬೇರೆ ತೆಗೆದು, ಹಿಂಜಿ, ಒಂಟಿ ಹಾಸಿಗೆ ಹೊಲಿದ. ತಲೆಯ ಮೇಲೆ ಹೊತ್ತು ಬೀದಿಯಲ್ಲಿ ಹೊರಟಾಗ ಚಹಾದಂಗಡಿಯವನು, "ಏನಣ್ಣ, ಹಾಸಿಗೆ ಸಮೇತ ಎಲ್ಲಿಗೆ ಸವಾರಿ?" ಎಂದು ಕಿಚಾಯಿಸಿದ.

"ಹೊತ್ತುಕೊಂಡು ನಡೆ ಅಂದಿದ್ದಾರಪ್ಪ, ನಡೀತಿದ್ದೀನಿ" ಎಂದ ಹತ್ತಿಯಣ್ಣ.

ಆಯಾಗಳು ಅಜ್ಜಿಯನ್ನು ಎತ್ತಿ ಹೊಸ ಹಾಸಿಗೆಯ ಮೇಲೆ ಮಲಗಿಸಿದರು. ಹಳೆಯ ಹಾಸಿಗೆಯ ಗಂಟು ತಪ್ಪಿಸಿ ಮಲಗುತ್ತಿದ್ದ ಅಭ್ಯಾಸಬಲದಿಂದ ಅವಳು ಕೈ ಚಾಚಿ ಮಂಚದ ಕಂಬಿ ಹಿಡಿದು ಅಂಚಿಗೆ ಸರಿದುಕೊಂಡಳು. ಅದನ್ನು ಕಂಡು ಹತ್ತಿಯಣ್ಣ ಹತ್ತಿರ ಹೋಗಿ, ಆ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿದ.

"ಅಂಚಿಗೆ ಬೇಡ ಅಜ್ಜಿ" ಎಂದ. "ಮಧ್ಯಕ್ಕೆ ಬನ್ನಿ. ಜಾಗ ಪೂರ್ತಿ ನಿಮ್ಮದೇ."