ಹಾಲಪ್ಪನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ?

ನಮ್ಮ ಅಡುಗೆಮನೆಯ ಮೂರನೆಯ ಡ್ರಾವರಿನ ತುಂಬ ತೊಳೆದು, ಒಣಗಿಸಿ, ನಾಲ್ಕಾಗಿ ಮಡಚಿಟ್ಟ ಪ್ಲಾಸ್ಟಿಕ್ ಚೀಲಗಳಿವೆ. ಚಮಚ ಇಡಲು ಜಾಗವಿಲ್ಲದಿದ್ದರೂ ಆ ಡ್ರಾವರನ್ನು ಮುಟ್ಟುವ ಅಧಿಕಾರ ನನಗಿಲ್ಲ, ಏಕೆಂದರೆ ಅದು ನನ್ನ ಅತ್ತೆಯವರ ವಿದೇಶಾಂಗ ಇಲಾಖೆ. ಬೆಳಗಾವಿಯ ಖಾಸಬಾಗದ ಈ ಮನೆಗೆ ಬಂದವರು ಯಾರೇ ಆಗಲಿ ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ಎಪ್ಪತ್ತೆಂಟು ವರ್ಷದ ನೀಲವ್ವನವರ ಏಕೈಕ ಸಿದ್ಧಾಂತ. ವಾಷಿಂಗ್ ಮಷಿನ್ ರಿಪೇರಿಗೆ ಬಂದವನು, ಮಷಿನ್ ಮೊದಲಿಗಿಂತ ಜೋರಾಗಿ ಗಡಗಡಿಸುವಂತೆ ಮಾಡಿಟ್ಟರೂ, ಹೋಗುವಾಗ ಶೇಂಗಾ ಚಟ್ನಿಯ ಪೊಟ್ಟಣ ಹಿಡಿದೇ ಹೋಗುತ್ತಾನೆ. ವಿಳಾಸ ತಪ್ಪಿ ಬಂದ ಕೊರಿಯರಿನವನೂ ಒಮ್ಮೆ ಅರ್ಧ ಡಜನ್ ಬಾಳೆಹಣ್ಣಿನೊಡನೆ ಸರಿಯಾದ ವಿಳಾಸಕ್ಕೆ ತೆರಳಿದ. ಓದುಗರೇ, ನೀವು ಎಂದಾದರೂ ಈ ಕಡೆ ಬಂದರೆ ನಿಮಗೂ ಒಂದು ಚೀಲ ಕಾದಿದೆ.

ಇಂಥ ಮನೆಯ ಮಾಳಿಗೆಯ ಮೇಲಿನ ಎರಡು ಕೋಣೆಗೆ ಬಾಡಿಗೆಗೆ ಬಂದವರು ಮಾರ್ಮನ್ ಪಂಥದ ಇಬ್ಬರು ಪ್ರಚಾರಕ ಹುಡುಗರು. ಒಬ್ಬ ಅಮೆರಿಕದಲ್ಲಿ ಬಟಾಟೆ ಬೆಳೆಯುವ ಯಾವುದೋ ಊರಿನವನು, ಇನ್ನೊಬ್ಬ ರಾಜಮಂಡ್ರಿಯ ಪ್ರಕಾಶ. ಇಬ್ಬರಿಗೂ ಬಿಳಿ ಅಂಗಿ, ಕೊರಳಪಟ್ಟಿ, ಎದೆಯ ಮೇಲೆ ‘ಎಲ್ಡರ್’ ಎಂದು ಬರೆದ ಕಪ್ಪು ಫಲಕ. ಎಲ್ಡರ್ ಎಂದರೆ ಹಿರಿಯ ಎಂದು ನಾನು ವಿವರಿಸಿದಾಗ ಅತ್ತೆಯವರು ಆ ಅಮೆರಿಕದವನ ಮುಖವನ್ನು ಬಲು ಹೊತ್ತು ಪರೀಕ್ಷಿಸಿ, “ಮೀಸಿ ಇನ್ನಾ ಮೂಡವಲ್ದು, ಯಾರಿಗ್ ಹಿರ್ಯಾ ಇವಾ?” ಎಂದು ಕೇಳಿದರು. ಅವನ ಮನೆತನದ ಹೆಸರು ಹಾಲ್ ಎಂದು ತಿಳಿದೊಡನೆ ಅವನು ಹಾಲಪ್ಪನಾದ. ಅವರ ಪಂಥದಲ್ಲಿ ಚಹಾ ನಿಷಿದ್ಧವಾದ್ದರಿಂದ ಅವನಿಗೆ ದಿನವೂ ಒಂದು ಲೋಟ ಹಾಲನ್ನೇ ಕೊಡುತ್ತಿದ್ದೆವು, ಹೀಗಾಗಿ ಹೆಸರು ಗಟ್ಟಿಯಾಯಿತು.

ಎರಡು ವರ್ಷದ ಸೇವೆಯಲ್ಲಿ ಕೊನೆಯ ಹತ್ತು ತಿಂಗಳು ಹಾಲಪ್ಪ ನಮ್ಮಲ್ಲಿದ್ದ. ಅವರ ನಿಯಮಗಳೋ, ನಮ್ಮ ಮಡಿಯವರನ್ನೂ ಮೀರಿಸುವಂಥವು. ಒಬ್ಬೊಬ್ಬರೇ ಎಲ್ಲಿಗೂ ಹೋಗುವಂತಿಲ್ಲ, ಯಾರ ಬಾಗಿಲನ್ನೂ ತಾವಾಗಿ ತಟ್ಟುವಂತಿಲ್ಲ, ಕೇಳಿದವರಿಗೆ ಮಾತ್ರ ದೇವರ ವಿಷಯ ಹೇಳಬೇಕು. ಆದರೆ ಬೆಳಗಾವಿಯ ಜನ ದೇವರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳುವವರು. ಪಗಾರ ಎಷ್ಟು, ಲಗ್ನ ಯಾವಾಗ, ಅಲ್ಲಿ ಜೋಳ ಬೆಳೆಯುತ್ತದೆಯೇ, ಇಷ್ಟು ಬಿಳಿ ಅಂಗಿಗೆ ಯಾವ ಸಾಬೂನು ಹಾಕುತ್ತೀರಿ ಎಂದೆಲ್ಲ ವಿಚಾರಿಸಿ, ತಮ್ಮ ಮಗನಿಗೆ ವೀಸಾ ಮಾಡಿಸಿಕೊಡಲಾದೀತೇ ಎಂದು ಮುಗಿಸುವರು. ಹಾಲಪ್ಪ ಮಾತ್ರ ಒಂದು ದಿನವೂ ಬೇಸರಿಸದೆ ಸಾಬೂನಿನ ಹೆಸರು ಹೇಳಿ ಬರುತ್ತಿದ್ದ.

ಅವನು ಊರಿಗೆ ಮರಳಲು ಮೂರು ವಾರ ಉಳಿದಿದ್ದಾಗ ಅತ್ತೆಯವರು ವಿದಾಯದ ಸಿದ್ಧತೆ ಶುರುಮಾಡಿದರು. ಕುಂದಾ ಎಷ್ಟು ಕಿಲೋ, ಕೌದಿ ವಿಮಾನದಲ್ಲಿ ಹಿಡಿಸೀತೇ ಎಂಬ ಚರ್ಚೆಯ ನಡುವೆ, “ನಿಮ್ಮಪ್ಪಗ ಏನ್ ಒಯ್ತೀಯೋ ಹಾಲಪ್ಪಾ?” ಎಂದು ಕೇಳಿದರು. ಹಾಲಿನ ಲೋಟ ಹಿಡಿದು ಕೂತಿದ್ದ ಹುಡುಗ ತಲೆ ತಗ್ಗಿಸಿದ. ಹತ್ತು ತಿಂಗಳಲ್ಲಿ ಅತ್ತೆಯವರಿಂದಲೇ ಕಲಿತ ಕನ್ನಡದಲ್ಲಿ ಹೇಳಿದ, “ನಮ್ಮಪ್ಪ ಸೋಮವಾರಕ್ಕೊಮ್ಮಿ ಫೋನ್ ಮಾಡ್ತಾರ್ರಿ ಆಯಿ. ಎಷ್ಟ್ ಮಂದಿ ನೀರಾಗ ಮುಳುಗಿ ನಮ್ಮವರಾದ್ರು ಅಂತ ಕೇಳ್ತಾರ್ರಿ. ಎರಡ್ ವರ್ಷ ಆತು. ಒಬ್ರೂ ಇಲ್ರಿ.”

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಫಲಿತಾಂಶ ಎಷ್ಟು ಎಂದು ಕೇಳುವ ಮೇಲಿನವರು ಯಾವ ಧ್ವನಿಯಲ್ಲಿ ಕೇಳುತ್ತಾರೆ ಎಂಬುದು ನನಗೆ ಗೊತ್ತಿದೆ. ಮಕ್ಕಳಿಗೆ ಮಾನ್ಸೂನ್ ಮಾರುತಗಳ ಮೇಲೆ ಪ್ರೀತಿ ಹುಟ್ಟಿತೇ ಎಂದು ಇಪ್ಪತ್ತೈದು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ನೀರಿನಲ್ಲಿ ಮುಳುಗಿಸಿ ಪಂಥಕ್ಕೆ ಸೇರಿಸಿಕೊಳ್ಳುವ ಆತ್ಮಗಳಿಗೂ ಶೇಕಡಾವಾರು ಇದೆಯೆಂದು ತಿಳಿದಾಗ ನಗು ಬಂತು. ಕಾಣದ ಆ ಅಪ್ಪನ ಮೇಲೆ ಸಿಟ್ಟೂ ಬಂತು, ಬಟಾಟೆಯನ್ನು ತೂಗಿ ತೂಗಿ ಮನುಷ್ಯರನ್ನೂ ತೂಗುವ ಚಟ ಹತ್ತಿರಬೇಕು ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆಯವರು ರೊಟ್ಟಿ ಬಡಿಯುತ್ತಲೇ ಘೋಷಿಸಿದರು. “ನಾ ಮುಳುಗ್ತೀನಿ. ಅಂವಾ ಬರಿಗೈಲೆ ಹೋಗೂದ್ ಬ್ಯಾಡ.”

ನನ್ನ ಯಜಮಾನರು ಪತ್ರಿಕೆಯನ್ನು ಮಡಚಿ ಬೇರೆ ಕೋಣೆಗೆ ಹೋದರು. ಕಷ್ಟದ ಪ್ರಸಂಗಗಳಲ್ಲಿ ಅವರ ನಿಲುವು ಯಾವಾಗಲೂ ಇದೇ. ನಾನು ವಾದಕ್ಕಿಳಿದೆ. ನನಗಿದ್ದ ಹೆದರಿಕೆ ದೇವರದ್ದಲ್ಲ, ನಮ್ಮ ಓಣಿಯ ವಾಟ್ಸಾಪ್ ಗುಂಪಿನದು. ಅತ್ತೆಯವರ ತರ್ಕ ಮಾತ್ರ ಅಲುಗದು. “ಮಲಪ್ರಭಾದಾಗ ಮುಳುಗೀನಿ, ಕೃಷ್ಣಾದಾಗ ಮುಳುಗೀನಿ, ಪಂಢರಪುರದಾಗ ಆ ಗದ್ದಲದಾಗೂ ಮುಳುಗೀನಿ. ಇವನ ದೇವರ ಹೆಸರೀಲೆ ಒಂದ್ ಮುಳುಗು ಹೆಚ್ಚಾತು. ಏನ್ ಗಂಟ್ ಹೋಗ್ತದ ನಂದು?” ಬಸವಣ್ಣ, ಎಲ್ಲಮ್ಮ, ವಿಠ್ಠಲ, ಗುರುವಾರಕ್ಕೊಮ್ಮೆ ಸಕ್ಕರೆ ಪಡೆಯುವ ದರ್ಗಾದ ಪೀರ, ಹೀಗೆ ಎಲ್ಲರನ್ನೂ ಒಂದೇ ಸೂರಿನಡಿ ಹೊಂದಿಸಿಕೊಂಡು ಬಾಳಿದವರಿಗೆ ಮತ್ತೊಬ್ಬ ಬಂದರೆ ಸ್ವಲ್ಪ ಸರಿದು ಕೂರಬೇಕಾದೀತು, ಅಷ್ಟೆ. ಮತಾಂತರವೆಂಬ ಭಾರವಾದ ಪದ ಅವರ ನಿಘಂಟಿನಲ್ಲಿರಲಿಲ್ಲ. ಅವರ ಪಾಲಿಗೆ ಅದು ಕುಂದಾದ ಜೊತೆ ಕಟ್ಟಿಕೊಡುವ ಇನ್ನೊಂದು ಪೊಟ್ಟಣ.

ನೀರಿನ ಆಳ ನೋಡಿ ಬರಲೆಂದು ರವಿವಾರ ಅತ್ತೆಯವರು, ನಾನು, ಹುಡುಗರಿಬ್ಬರು ಖಾನಾಪುರಕ್ಕೆ ಹೋದೆವು. ಅತ್ತೆಯವರ ತವರು ಅಲ್ಲೇ ಸಮೀಪದ ನಂದಗಡ, ಹಾಗಾಗಿ ಮಲಪ್ರಭೆಯ ಆ ಘಾಟಿನ ಒಂದೊಂದು ಮೆಟ್ಟಿಲೂ ಅವರಿಗೆ ಗೊತ್ತು. ಸೊಂಟದವರೆಗೆ ನೀರಿರುವ ಜಾಗ ತೋರಿಸಿ, ಮೂಗು ಹೇಗೆ ಹಿಡಿಯಬೇಕು, ಕಾಲಡಿಯ ಪಾಚಿಗೆ ಹೇಗೆ ಹೆಜ್ಜೆ ಊರಬೇಕು ಎಂದು ಆ ಇಬ್ಬರು ಹಿರಿಯರಿಗೂ ಪಾಠ ಮಾಡಿದರು. ಹಾಲಪ್ಪನ ಮುಖ ಅರಳಿತ್ತು. ಅತ್ತೆಯವರು ಮುಂದೆ ನಡೆದಾಗ ನಾನು ಅವನನ್ನು ತಡೆದು, ಅವರು ನಂಬಿ ಮುಳುಗುವುದಿಲ್ಲ, ನಿನ್ನ ಮೇಲಿನ ಮಮತೆಗೆ ಮುಳುಗುತ್ತಾರೆ, ಅಷ್ಟೂ ತಿಳಿಯುವುದಿಲ್ಲವೇ ಎಂದು ಗದರಿದೆ.

“ತಿಳಿತದ್ರಿ ಟೀಚರ್,” ಎಂದ. “ಆದ್ರ ನನಗ ಒಬ್ರಾದ್ರೂ ಬೇಕ್ರಿ.”

ಅವನ ಕಣ್ಣು ತುಂಬಿತ್ತು. ಇಪ್ಪತ್ತೊಂದು ವರ್ಷದ ಹುಡುಗ, ಎರಡು ವರ್ಷದಿಂದ ತಾಯಿಯ ಮುಖವನ್ನು ಫೋನಿನಲ್ಲಲ್ಲದೆ ನೋಡಿಲ್ಲ. ನನಗೆ ಮುಂದೆ ಬೈಯಲಾಗಲಿಲ್ಲ.

ಎಡವಟ್ಟಾದದ್ದು ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ. ಅತ್ತೆಯವರು ಕಪ್ಪಿನ ಚಹಾವನ್ನು ಬಶಿಗೆ ಸುರಿದುಕೊಂಡು ತುಟಿಗೆ ಹಚ್ಚುವಷ್ಟರಲ್ಲಿ ಹಾಲಪ್ಪ ಕೆಂಪಾಗಿ, ಪ್ರಕಾಶನ ಮುಖ ನೋಡಿ, ಕೊನೆಗೆ ಉಸುರಿದ. “ಆಯಿ, ಮುಳುಗೂಕಿಂತ ಮೊದಲ ಚಹಾ ಬಿಡಬೇಕಾಗ್ತದ್ರಿ. ಕಾಯಮ್.”

ಅತ್ತೆಯವರು ಬಶಿಯನ್ನು ಕೆಳಗಿಟ್ಟರು. ಅವರ ಬದುಕಿನಲ್ಲಿ ದೇವರು ಬಂದಿದ್ದಾರೆ, ಹೋಗಿದ್ದಾರೆ, ಹರಕೆ ತೀರದಿದ್ದಾಗ ಕೆಲವರು ಬೈಸಿಕೊಂಡೂ ಇದ್ದಾರೆ. ಚಹಾ ಮಾತ್ರ ಅರವತ್ತು ವರ್ಷಗಳಿಂದ ದಿನಕ್ಕೆ ಆರು ಸಲ ತಪ್ಪದೆ ಬಂದಿದೆ. ಅಷ್ಟು ನಿಷ್ಠೆಯಿಂದ ನಡೆದುಕೊಂಡ ದೈವ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಬಶಿಯ ಮೇಲೆ ಕೆನೆ ಕಟ್ಟುವವರೆಗೂ ಅವರು ಅದನ್ನೇ ನೋಡುತ್ತ ಕೂತರು. ಆಮೇಲೆ ಎದ್ದು, “ಬಿಟ್ಟೆ ನಡೀರಿ,” ಎಂದರು.

ಮೊದಲ ದಿನ ಹಾಲು ಕುಡಿದು ಮುಖ ಸೊಟ್ಟಗೆ ಮಾಡಿದರು. ಎರಡನೆಯ ದಿನ ಮನೆಯಲ್ಲಿ ಚಹಾದ ವಾಸನೆಯೂ ಬರಬಾರದೆಂದು ಅಪ್ಪಣೆಯಾಯಿತು. ನನ್ನ ಯಜಮಾನರು ಇದ್ದಕ್ಕಿದ್ದಂತೆ ಸಂಜೆಯ ವಾಕಿಂಗಿನ ಮಹತ್ವ ಅರಿತು ಮೂಲೆಯ ಹೋಟೆಲಿನ ಕಡೆಗೆ ನಡೆದರು. ಮೂರನೆಯ ದಿನ ಅತ್ತೆಯವರು ತಲೆನೋವೆಂದು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮಲಗಿದವರು ಏಳಲಿಲ್ಲ. ಒಂದು ಗುಟುಕು ಕುಡಿಯಿರೆಂದು ನಾನು ಅಂಗಲಾಚಿದರೆ, “ಮಾತ್ ಕೊಟ್ಟೀನಿ ಶೈಲಾ, ಸುಮ್ಕಿರು,” ಎಂದು ಗೋಡೆಯ ಕಡೆ ತಿರುಗಿದರು. ನನಗೆ ಅಳು ಬಂತು, ಅವರ ಹಟಕ್ಕೋ ಆ ಹುಡುಗನ ಹಟಕ್ಕೋ ತಿಳಿಯದು.

ಹಾಲಿಗೆಂದು ಕೆಳಗಿಳಿದು ಬಂದ ಹಾಲಪ್ಪ ಬಾಗಿಲಲ್ಲೇ ನಿಂತು ಅವರನ್ನು ನೋಡಿದ. ಬಳಿಕ ಕೊರಳಪಟ್ಟಿಯನ್ನು ಅಂಗಿಯೊಳಗೆ ತುರುಕಿಕೊಂಡು ನೆಟ್ಟಗೆ ನನ್ನ ಅಡುಗೆಮನೆಗೆ ನಡೆದ, ಪ್ರಕಾಶ ಹಿಂದಿನಿಂದ. ಹುಟ್ಟಿದಾಗಿನಿಂದ ಚಹಾ ಮುಟ್ಟದವನು ನೀರಿಟ್ಟ, ಪುಡಿ ಎಷ್ಟು ಹಾಕಬೇಕೆಂದು ಪ್ರಕಾಶನನ್ನು ಕೇಳಿದ, ಅವನು ಬೇಡವೆನ್ನುವಷ್ಟರಲ್ಲಿ ನಾಲ್ಕು ಚಮಚ ಸುರಿದ, ಶುಂಠಿಯೆಂದು ತಿಳಿದು ಅರಿಶಿನದ ಕೊಂಬನ್ನು ಜಜ್ಜತೊಡಗಿದಾಗ ಮಾತ್ರ ನಾನು ಕೈ ಹಿಡಿದೆ. ಲೋಟವನ್ನು ತಾನೇ ತಂದು ಅತ್ತೆಯವರ ಪಕ್ಕದಲ್ಲಿ ನೆಲದ ಮೇಲೆ ಕೂತ.

“ಕುಡೀರಿ ಆಯಿ.”

“ಕುಡದ್ರ ನಿನಗ ಒಬ್ರೂ ಇಲ್ದಂಗ ಆಗ್ತದಲ್ಲೋ.”

“ಆಗ್ಲಿರಿ. ನೀವು ನನ್ ಸಲುವಾಗಿ ಬಿಟ್ಟೀರಿ. ದೇವರ ಸಲುವಾಗಿ ಅಲ್ರಿ.”

“ದೇವರ ಸಲುವಾಗಿ ನಾ ಯಾವತ್ತೂ ಏನೂ ಬಿಟ್ಟಾಕಿ ಅಲ್ಲಪಾ,” ಎಂದು ಅತ್ತೆಯವರು ಎದ್ದು ಕೂತರು. ಆ ಕಡುಗಪ್ಪು ಕಷಾಯವನ್ನು ಕೊನೆಯ ಹನಿಯವರೆಗೂ ಕುಡಿದು, ಭಾಳ ಕೆಟ್ಟ ಮಾಡೀದಿ ಎಂದು ತೀರ್ಪು ಕೊಟ್ಟು, ಅವನ ಕೆನ್ನೆಯ ಮೇಲೆ ಕೈಯಿಟ್ಟರು. “ನಿಮ್ಮಪ್ಪಗ ಹೇಳು. ಬೆಳಗಾಂವದಾಗ ಒಬ್ಬಾಕಿ ಮೂರ್ ದಿನ ನಿಮ್ಮಾಕಿ ಆಗಿದ್ಲು ಅಂತ ಹೇಳು.”

ಸೋಮವಾರ ನಾನು ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದಾಗ ಅವರ ಕಿಟಕಿ ತೆರೆದಿತ್ತು. ಕದ್ದು ಕೇಳಿದೆ, ಒಪ್ಪಿಕೊಳ್ಳುತ್ತೇನೆ. ಹಾಲಪ್ಪ ಘಾಟಿನ ಕಥೆ, ಚಹಾದ ಕಥೆ, ಮೂರು ದಿನದ ಕಥೆ ಎಲ್ಲವನ್ನೂ ತನ್ನ ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳಿ, ಹಾಗಾಗಿ ಒಬ್ಬರೂ ಇಲ್ಲ ಎಂದು ಮುಗಿಸಿದ. ನಾನು ಕೈಯಲ್ಲಿ ಟವೆಲ್ ಹಿಡಿದು, ಈ ತೂಗುವ ಮನುಷ್ಯ ಏನೆಂದಾನೋ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಕೊನೆಗೆ ಫೋನಿನ ಸ್ಪೀಕರಿನಲ್ಲಿ ಅವನಪ್ಪ ಕೇಳಿದ್ದು ಒಂದೇ ಮಾತು. ಆ ತಾಯಿಯ ತಲೆನೋವು ಈಗ ಹೇಗಿದೆ?

ಇಷ್ಟು ದಿನ ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದವಳಿಗೆ ನಾಚಿಕೆಯಾಯಿತು. ಕೆಳಗಿಳಿದು ಅತ್ತೆಯವರಿಗೆ ಹೇಳಿದೆ.

“ಎಷ್ಟ್ ಮಂದಿ ಅಂತ ಕೇಳ್ಲಿಲ್ಲೇನು?”

“ಇಲ್ರಿ ಅತ್ತಿ. ನಿಮ್ಮ ತಲೀನೋವ್ ಕೇಳಿದ್ರು.”

ಅತ್ತೆಯವರು ನನ್ನ ಭುಜ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದರು. “ಹಂಗ ನಿಂತೀಯಲ್ಲ? ಹೋಗು, ಕಮ್ಮಿ ಆಗೇತಿ ಅಂತ ಹೇಳ್ ಹೋಗು. ಲಗೂನ ಹೋಗು, ಫೋನ್ ಇಟ್ಟಾರು.”

ಐವತ್ತೆರಡು ವರ್ಷದ ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ.