ಉಯ್ಯಂಬಳ್ಳಿಯ ಲಕ್ಷ್ಮಯ್ಯ ವಿಯೆಟ್ನಾಂಗೆ ಹೊರಟಿದ್ದು

ಆ ವಾರ ಲಕ್ಷ್ಮಯ್ಯನ ಮನೆಗೆ ಬಂದಷ್ಟು ಬ್ರೆಡ್ಡು ಉಯ್ಯಂಬಳ್ಳಿಯ ಅಂಗಡಿಗಳಲ್ಲೂ ಇರಲಿಕ್ಕಿಲ್ಲ. ಬ್ರೆಡ್ಡು, ಮೋಸಂಬಿ, ಎಳನೀರು. ಹುಷಾರಿಲ್ಲದವರನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೇ? ಲಕ್ಷ್ಮಯ್ಯನ ತಲೆ ಕೆಟ್ಟಿದ್ದೂ ಅದಕ್ಕೇ. ಅವನು ಹುಷಾರಾಗಿದ್ದ. ಟ್ರೀಟ್‌ಮೆಂಟ್ ಮುಗಿಯಿತು, ಇನ್ನು ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಸಾಕು ಎಂದು ಡಾಕ್ಟರೇ ಹೇಳಿ ಕಳಿಸಿದ್ದರು. ಅವನೀಗ ಹೊರಟಿದ್ದುದು ಹೆಂಡತಿ ಸರಸಮ್ಮನನ್ನು ಕಟ್ಟಿಕೊಂಡು ವಿಯೆಟ್ನಾಂ ಸುತ್ತಲು. ಊರಿನವರ ಲೆಕ್ಕದಲ್ಲಿ ಮಾತ್ರ ಅವನು ಹೊರಟಿದ್ದು ಫಾರಿನ್ ಆಸ್ಪತ್ರೆಗೆ, ಅದೂ ಕೊನೆಯ ಪ್ರಯತ್ನವಾಗಿ.

ಇದರಲ್ಲಿ ಊರಿನ ತಪ್ಪು ಅರ್ಧವಾದರೆ ಅವನದು ಅರ್ಧ. ಪ್ರಾಸ್ಟೇಟ್ ಎಂಬುದು ಎಲ್ಲಿರುತ್ತದೆ ಎಂದು ಡಾಕ್ಟರು ಹಾಳೆಯ ಮೇಲೆ ಗೀಚಿ ತೋರಿಸಿದ ದಿನವೇ ಅವನು ಇದು ಯಾರ ಮುಂದೆಯೂ ಬಾಯಿಬಿಡುವ ಕಾಯಿಲೆಯಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದ. ಕೇಳಿದವರಿಗೆಲ್ಲ ಹರ್ನಿಯಾ ಎಂದು ಹೇಳು ಅಂತ ಸರಸಮ್ಮನಿಗೂ ತಾಕೀತಾಯಿತು. ಹರ್ನಿಯಾಕ್ಕೆ ಯಾವ ಪುಣ್ಯಾತ್ಮ ದಿನಾ ಬೆಳಗಾದರೆ ಬೆಂಗಳೂರಿಗೆ ಹೋಗಿ ರೇಡಿಯೇಷನ್ ಕರೆಂಟು ಇಡಿಸಿಕೊಂಡು ಬರುತ್ತಾನೆ? ಪಕ್ಕದ ಮನೆಯ ಬಾಲರಾಜು ಒಂದು ದಿನ ಕ್ಯಾನ್ಸರ್ ಆಸ್ಪತ್ರೆಯ ಗೇಟಿನಲ್ಲಿ ಇವನನ್ನು ಕಂಡ. ಲಕ್ಷ್ಮಯ್ಯನ ಮುಂದೆ ತುಟಿ ಪಿಟಿಕ್ಕೆನ್ನಲಿಲ್ಲ, ಊರಿಗೆಲ್ಲ ಗುಟ್ಟಾಗಿ ಹಂಚಿದ. ಆಮೇಲೆ ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸಿನವನು ನೆಟ್ಟಗೆ ಮನೆಗೆ ಬರುವುದು ಬಿಟ್ಟು ಟೀ ಅಂಗಡಿಯಲ್ಲಿ ಕೂತು, ಲಕ್ಷ್ಮಯ್ಯ ಎಂಥ ಮನುಷ್ಯ ಎಂದು ನಾಲ್ಕು ಜನರನ್ನು ಕೇಳಿದ. ಅಷ್ಟು ಸಾಕಾಯಿತು. ಇಲ್ಲಿನ ಡಾಕ್ಟರು ಕೈಬಿಟ್ಟರಂತೆ ಎಂಬ ಸುದ್ದಿ ಸಂಜೆಯೊಳಗೆ ಊರ ಕೊನೆಯ ಮನೆಗೂ ಮುಟ್ಟಿತು.

"ಅಣ್ಣೋ, ಧೈರ್ಯ ಕಳ್ಕಬ್ಯಾಡ," ಎಂದ ಬಾಲರಾಜು, ಜಗಲಿಯ ಮೇಲೆ ಬ್ರೆಡ್ಡಿನ ಪ್ಯಾಕೆಟ್ಟಿಟ್ಟು. "ಅಲ್ಲಿ ಒಳ್ಳೊಳ್ಳೆ ಮಿಷಿನ್ ಇರ್ತವೆ."

"ಸುತ್ತಾಡಕ್ಕೆ ಓಯ್ತಿದೀನಿ ಕಣ್ಲಾ. ಟೂರು."

"ಆಯ್ತು ಬುಡಣ್ಣ, ಟೂರೇ ಅನ್ಕಳವಾ," ಎಂದು ಬಾಲರಾಜು ಕಣ್ಣೊರೆಸಿಕೊಂಡ. ಇವನ ಕೆನ್ನೆಗೆರಡು ಬಾರಿಸಿದರೆ ತಪ್ಪೇನು ಎನ್ನಿಸಿತು ಲಕ್ಷ್ಮಯ್ಯನಿಗೆ.

ವಿಯೆಟ್ನಾಂ ಆಸೆ ಹುಟ್ಟಿದ್ದು ಆಸ್ಪತ್ರೆಯಲ್ಲೇ. ಕರೆಂಟಿಗೆ ಸರದಿ ಕಾಯುವ ಹಾಲಿನಲ್ಲಿ ಸದ್ದಿಲ್ಲದ ಟೀವಿಯೊಂದು ಓಡುತ್ತಿರುತ್ತಿತ್ತು. ಸಮುದ್ರದ ನಡುವೆ ಬಂಡೆಬೆಟ್ಟಗಳು, ಅವುಗಳ ಸಂದಿಯಲ್ಲಿ ದೋಣಿಗಳು. ಸರಸಮ್ಮ ಅದನ್ನೇ ನೋಡುತ್ತ, "ನಮ್ಮ ರಾಮನಗರದ ಬೆಟ್ಟಗಳ್ನ ಒತ್ಕೊಂಡೋಗಿ ನೀರಲ್ಲಿ ಇಟ್ಟಂಗೈತೆ," ಎಂದಿದ್ದಳು. ದಿನವೂ ಅವನ ಜೊತೆ ಬಸ್ಸು ಹತ್ತಿ, ಬುತ್ತಿ ಹೊತ್ತು, ಒಂದು ದಿನವೂ ಗೊಣಗದವಳು. ಇದು ಮುಗಿಯಲಿ, ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ರಾಮನಗರದ ಶಾಲೆಯಲ್ಲಿ ಮೇಡಂ ಆಗಿರುವ ಮಗಳು ಶ್ವೇತ ಆ ಮಾತನ್ನು ಹಿಡಿದುಕೊಂಡು ಟಿಕೆಟ್ಟೊಂದು ಬಿಟ್ಟು ಎಲ್ಲ ಏರ್ಪಾಡು ಮಾಡಿದಳು. ಅಮ್ಮನಿಗೆ ಬೂಟು ತಂದುಕೊಟ್ಟಳು. ಸರಸಮ್ಮ ಅದನ್ನು ಹಾಕಿಕೊಂಡು ಬೆಳಗ್ಗೆ ಹಿಪ್ಪುನೇರಳೆ ತೋಟದಲ್ಲಿ ನಡೆದು ಅಭ್ಯಾಸ ಮಾಡುತ್ತಿದ್ದಳು.

ಅವಳನ್ನು ಹಾಗೆ ನೋಡಿದಾಗಲೆಲ್ಲ ಲಕ್ಷ್ಮಯ್ಯ ಮುಖ ತಿರುಗಿಸಿಕೊಳ್ಳುತ್ತಿದ್ದ. ಏಕೆಂದರೆ ಹೋಗುವುದಿಲ್ಲ ಎಂದು ಅವನು ಒಳಗೊಳಗೇ ನಿರ್ಧರಿಸಿಯಾಗಿತ್ತು. ಟ್ರೀಟ್‌ಮೆಂಟ್ ಆದಮೇಲೆ ಅವನಿಗೆ ಮೂತ್ರ ಬಂತೆಂದರೆ ತಡೆಯಲು ಆಗುತ್ತಿರಲಿಲ್ಲ. ಗದ್ದೆ ಬದುವಿನಲ್ಲಾದರೆ ಸರಿ, ವಿಮಾನದಲ್ಲಿ ಬೆಲ್ಟು ಕಟ್ಟಿ ಕೂರಿಸಿದ ಮೇಲೆ? ಪರದೇಶದ ಬಸ್ಸಿನಲ್ಲಿ, ಗುರುತಿಲ್ಲದ ಜನರ ನಡುವೆ, ಹೆಂಡತಿಯ ಪಕ್ಕದಲ್ಲಿ ಪ್ಯಾಂಟು ಒದ್ದೆ ಮಾಡಿಕೊಂಡು ಕೂರುವುದಕ್ಕಿಂತ ಸಾಯುವುದೇ ಮೇಲು. ಇದನ್ನು ಬಾಯಿಬಿಟ್ಟು ಹೇಳುವ ಬದಲು ಅವನು ಎಲ್ಲರ ಮೇಲೂ ರೇಗುತ್ತಿದ್ದ. ರೇಷ್ಮೆ ಹುಳು ಬಿಟ್ಟು ಹೋಗುವುದು ಹೇಗೆ ಎಂದು ರೇಗಿದ. ಅಲ್ಲಿ ಮುದ್ದೆ ಸಿಗುತ್ತದೆಯೇ ಎಂದು ರೇಗಿದ. "ಬ್ಯಾಡ ಅಂದ್ರೆ ಬ್ಯಾಡ ಅನ್ನಿ, ಯಾಕಿಂಗೆ ಆಡ್ತೀರಿ?" ಎಂದಳು ಸರಸಮ್ಮ, ಮತ್ತೆ ಆ ಮಾತೆತ್ತಲಿಲ್ಲ. ಟಿಕೆಟ್ಟಿನ ವಿಷಯ ಇವತ್ತೇ ಪಕ್ಕಾ ಮಾಡಬೇಕೆಂದು ಶ್ವೇತ ಬೆಳಗ್ಗೆಯಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದಳು.

ಅಂಗಳದಲ್ಲಿ ಮತ್ತೆ ಐದಾರು ಜನ ಬಂದು ಕೂತರು. ಲಕ್ಷ್ಮಯ್ಯ ಎದ್ದು ಹುಳು ಮನೆ ಹೊಕ್ಕ. ರೇಷ್ಮೆ ಹುಳು ಸೊಪ್ಪು ಮೇಯುವಾಗ ಹೊರಗಿನವರು ಕಾಲಿಡುವಂತಿಲ್ಲ, ರೋಗ ತಗಲುತ್ತದೆ. ಆ ಕಟ್ಟಳೆ ಇಲ್ಲದಿದ್ದರೆ ಈ ಜನ ಅಲ್ಲಿಗೂ ಬ್ರೆಡ್ಡು ಹಿಡಿದು ಬರುತ್ತಿದ್ದರು. ಅವನು ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು.

"ಯಾರದು? ಒಳಗ್ ಬರ್ಬ್ಯಾಡಿ ಅಂತ ಎಷ್ಟು ಕಿತ ಬಡ್ಕಬೇಕು?"

"ನಾನು ಕಣ್ಲಾ ಲಚ್ಮಾ."

ಮಾಗಡಿಯ ಅಕ್ಕ ನಿಂಗಮ್ಮ. ಎಪ್ಪತ್ತು ದಾಟಿದವಳು, ಮಾಗಡಿಯಿಂದ ರಾಮನಗರ, ಅಲ್ಲಿಂದ ಕನಕಪುರ, ಅಲ್ಲಿಂದ ಇಲ್ಲಿಗೆ, ಮೂರು ಬಸ್ಸು ಬದಲಾಯಿಸಿ ಒಬ್ಬಳೇ ಬಂದಿದ್ದಳು. ಹುಳು ಸಾಕಿದ ಮನೆಯ ಮಗಳಾದ್ದರಿಂದ ಹೊಸಿಲು ದಾಟದೆ ಅಲ್ಲೇ ಕೂತಳು.

"ಸಾಯೋಗಂಟ ಯೋಳ್ದೆ ಇರಾನ ಅಂತಿದ್ಯಾ?"

"ಸಾಯ್ತಿಲ್ಲ ಅಕ್ಕ. ನಿಮ್ಮೆಲ್ರಿಗೂ ಎಂಗ್ ಯೋಳ್ಳಿ? ವಾಸಿ ಆಗೋಗೈತೆ."

"ಮತ್ತೆ ಅರ್ನಿಯಾ ಅಂದೆ? ಅಂಥಾ ಕಾಯ್ಲೇಲಿ ನಂಗೊಂದು ಮಾತು ಯೋಳ್ನಿಲ್ವಲ್ಲ."

"ಆ ಜಾಗದ್ದು ಅಕ್ಕ. ಎಂಗ್ ಯೋಳಾದು ನಿಂಗೆ?"

"ಯಾವ ಜಾಗ? ಅವ್ವ ಗದ್ದೆಗೋದ್ರೆ ನಿನ್ನ ಕುಂಡಿ ತೊಳೀತಿದ್ದೋಳು ನಾನು. ನನ್ನ ಕುಟೆ ನಾಚ್ಕೆನಾ?"

ಊರೆಲ್ಲರ ಮೇಲೆ ಹರಿಹಾಯ್ದಿದ್ದ ಲಕ್ಷ್ಮಯ್ಯ ಕೈಯಲ್ಲಿದ್ದ ಸೊಪ್ಪು ಬಿಟ್ಟು ಬಾಗಿಲ ಬಳಿ ಬಂದು ಕುಕ್ಕರಗಾಲಲ್ಲಿ ಕೂತ. ಹೆಂಡತಿಗೂ ಹೇಳದ್ದನ್ನು ಅಕ್ಕನಿಗೆ ಹೇಳಿದ. ತಡೆಯಲಾಗದ್ದು, ವಿಮಾನದ ಭಯ, ಟಿಕೆಟ್ ಬೇಡವೆನ್ನಲು ಹುಳುವಿನ ನೆಪ ಹುಡುಕಿದ್ದು, ಎಲ್ಲವನ್ನೂ. ಹೇಳುತ್ತ ಅತ್ತುಬಿಟ್ಟ.

ನಿಂಗಮ್ಮ ಸಮಾಧಾನ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡಳು.

"ನಂಗೂ ಅಂಗೇ ಕಣ್ಲಾ," ಎಂದಳು. "ಕಡೇ ಎರಿಗೆ ಆದಾಗ್ನಿಂದ. ಒಸಿ ಕೆಮ್ಮುದ್ರೆ ಸಾಕು. ನಿಮ್ ಬಾವುಂಗೂ ಯೋಳಿರ್ನಿಲ್ಲ, ಅವ್ರು ಓಗೇ ಬುಟ್ರು. ಇವತ್ತೂ ಕನಕಪುರ ದಾಟ್ತಿದ್ದಂಗೆ ಸೀರೆ ಒದ್ದೆ ಆಯ್ತು. ಬ್ಯಾಗಲ್ಲಿ ಇನ್ನೊಂದು ಇಕ್ಕೊಂಡಿದ್ದೆ, ಇಳ್ದು ಪೊದೆ ಮರೇಲಿ ಉಟ್ಕೊಂಡು ಬಂದೆ. ನನ್ ತಮ್ಮ ಸಾಯ್ತವ್ನೆ ಅಂದವ್ರೆ, ಒದ್ದೆ ಆಯ್ತದೆ ಅಂತ ಮನೇಲಿ ಕುಂತಿರಕ್ಕಾಯ್ತದಾ?"

ಲಕ್ಷ್ಮಯ್ಯ ಅಕ್ಕನ ಮುಖವನ್ನೇ ನೋಡಿದ. ಆಮೇಲೆ ಎದ್ದು ಹೊಸಿಲು ದಾಟಿ ಅಂಗಳಕ್ಕೆ ಬಂದ. ಬಾಲರಾಜು ಮತ್ತು ಅವನ ಸಂಗಡಿಗರು ದುಃಖದ ಮುಖ ಹೊತ್ತು ಮೇಲೆದ್ದರು. ಅವರ ತಲೆಯ ಮೇಲಿಂದ ಅಡುಗೆಮನೆಯ ಕಡೆಗೆ ಅವನು ದನಿ ಎತ್ತಿದ.

"ಸರಸಾ, ಶ್ವೇತಂಗೆ ಫೋನ್ ಮಾಡು. ಓಯ್ತೀವಿ ಅನ್ನು. ನನ್ ಸೀಟು ಮಾತ್ರ ಕಕ್ಕಸಿನ ಅತ್ರಾನೇ ಇರ್ಬೇಕು. ಯಾಕೆ ಅಂತ ಯಾರಾದ್ರೂ ಕೇಳುದ್ರೆ, ನಿಜಾನೇ ಯೋಳು."