ಒತ್ತುವ ಮೊದಲು ಓದಿದ್ದು

"ಅಜ್ಜಿ, ಯೇ ಕ್ಯಾ ಲಿಖಾ ಹೈ? ಓಕೆ ಕರೂಂ?" ಏನು ಬರೆದಿದೆ, ಓಕೆ ಒತ್ತಲೇ ಎಂದು, ಬೆರಳನ್ನು ಗುಂಡಿಯ ಮೇಲಿಟ್ಟೇ ಮೊಮ್ಮಗಳು ಅದಿತಿ ಹಿಂದಿಯಲ್ಲಿ ಕೇಳಿದಳು.

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ, ತೀರಿಹೋದ ನನ್ನ ಯಜಮಾನರ ಹಳೆಯ ಲ್ಯಾಪ್‌ಟಾಪಿಗೆ ಅವಳು ಪುಕ್ಕಟೆ ಸಿಗುವ, ಹೆಚ್ಚಿನವರು ಹೆಸರೂ ಕೇಳದ ಒಂದು ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದಳು. ಒಳಗಿದ್ದ ಅವರ ಫೋಟೊಗಳಿಗೆ ಏನೂ ಆಗದೆಂದು ಮಾತು ಕೊಟ್ಟಿದ್ದಳು. ಮುಂದೆ ನನಗೆ ಅನುಕೂಲವಾಗಲೆಂದು ಮೊದಲೇ ಕನ್ನಡ ಆರಿಸಿದ್ದಳು. ಆದರೆ ಕನ್ನಡ ಕೇಳಿದರೆ ಅವಳಿಗೆ ತಿಳಿಯುತ್ತದೆ, ಓದಲು ಬಾರದು.

ನಾನು ಊರಿನ ಕನ್ನಡ ಶಾಲೆಯಲ್ಲಿ ಕಲಿತವಳು, ಕಂಪ್ಯೂಟರ್ ಮುಟ್ಟಿದವಳಲ್ಲ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದೆ: ಈ ಡಿಸ್ಕ್‌ನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ?

"ಒತ್ಬೇಡ ಮಾರಾಯ್ತಿ!" ಎಂದೆ.

ಬಿಸಿ ಬಾಣಲೆ ತಾಗಿದವಳಂತೆ ಅವಳು ಕೈ ಎಳೆದುಕೊಂಡಳು. ಎಲ್ಲ ಬಂದ್ ಮಾಡಿ, ಫೋಟೊಗಳನ್ನು ಪೆನ್‌ಡ್ರೈವಿಗೆ ತೆಗೆದು, ಮತ್ತೆ ಕುಳಿತಳು. "ಈ ಸಲ ಇಂಗ್ಲಿಷ್ ಇಟ್ಕೋ" ಎಂದೆ. "ನಹೀಂ, ತುಮ್ ಪಢೋ" ಎಂದು, ಓದುವ ಕೆಲಸ ನನಗೇ ವಹಿಸಿ, ನನಗೊಂದು ಕುರ್ಚಿ ಎಳೆದಳು.

ಮೊನ್ನೆ ಸಾನಪಾಡಾದಲ್ಲಿರುವ ನನ್ನ ತಮ್ಮನ ಹಳೆಯ ಕಂಪ್ಯೂಟರಿಗೂ ಅದನ್ನೇ ಹಾಕಲು ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನಿನ್ನ ಕನ್ನಡಕ ತೆಗೆದುಕೊಂಡೆಯಾ ಎಂದು ನನ್ನನ್ನು ಕೇಳಿದಳು.